ಚಾಬಿ ಕೊಡುವ ದಿಕ್ಕು

ಈ ತಿಂಗಳ ಹನ್ನೆರಡು, ಶುಕ್ರವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಭಾಲ್ಕಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಕಪಾಟಿನ ಮೇಲಿನ ಅರೆಯನ್ನು ತೆರವು ಮಾಡಬೇಕೆಂದು ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟಿದ್ದೆ. ಮೂರನೆಯದಾಗಿ ಕೈಗೆ ಬಂದದ್ದು ಒಂದು ತಗಡಿನ ಡಬ್ಬಿ. ಮುಚ್ಚಳ ತೆಗೆದೊಡನೆ ಗಡಿಯಾರದ ಎಣ್ಣೆಯ ವಾಸನೆ, ಅದರ ಹಿಂದೆಯೇ ಉಗುರುಬಣ್ಣದ ವಾಸನೆ... ಒಳಗೆ ಮೀನಿನ ಗಾಳಗಳು, ಅವುಗಳ ನಡುವೆ ಕಂದು ಬಣ್ಣಕ್ಕೆ ತಿರುಗಿದ ಒಂದು ಸೀಮೆಸುಣ್ಣದ ತುಂಡು.

"ರಿಟೈರ್ ಆಗಿ ಇಷ್ಟು ವರ್ಷ ಆಯ್ತು, ಇನ್ನಾ ಖಡು ಮುಚ್ಚಿಟ್ಟೀರಿ. ಮೀನಿಗಿ ಪಾಠ ಹೇಳ್ತೀರೇನ್ರಿ?" ಎಂದಳು ಹೆಂಡತಿ, ಸೀಮೆಸುಣ್ಣದ ಕಡೆ ಬೆರಳು ತೋರಿಸಿ.

ನಾನು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಒಯ್ದು ಕುಳಿತೆ. ಅವಳಿಗೆ ಅರ್ಥವಾಯಿತು, ಚಹಾ ತಂದಿಟ್ಟು ಒಳಗೆ ಹೋದಳು.

ಡಬ್ಬಿ ಗಡಿಯಾರದ ಚಾಚಾ ಅವರದು. ಬೀದರಿನ ಹಳೆಯ ಊರಿನ ಒಂದು ಓಣಿಯಲ್ಲಿ ಅವರ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಇಬ್ಬರು ಕುಳಿತರೆ ಮೂರನೆಯವನು ಹೊರಗೆ ನಿಲ್ಲಬೇಕು, ಅಷ್ಟು ಜಾಗ. ನಾನು ಭಾಲ್ಕಿಯ ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಶಾಲೆಯ ಗಂಟೆ ನನ್ನ ಕೈಗಡಿಯಾರ ನೋಡಿ ಹೊಡೆಯುತ್ತಿದ್ದರು. ಆದ್ದರಿಂದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಬಸ್ಸು ಹಿಡಿದು, ಅದನ್ನು ಅವರಿಗೆ ತೋರಿಸಿ ಬರುವುದು ನನ್ನ ಪದ್ಧತಿ. ನಿಜ ಹೇಳಬೇಕೆಂದರೆ ಗಡಿಯಾರ ವರ್ಷಕ್ಕೊಮ್ಮೆ ತೋರಿಸಿದರೂ ಸಾಕಿತ್ತು.

ಅವರ ಮೇಜಿನ ಒಂದು ಬದಿಗೆ ಗಡಿಯಾರ, ಇನ್ನೊಂದು ಬದಿಗೆ ಪುಕ್ಕ. ಹಿಂದೆ ಯಾರೋ ಗಿರಾಕಿ ಹೈದರಾಬಾದಿನಿಂದ ತಂದುಕೊಟ್ಟ, ಪುಕ್ಕ ಕಟ್ಟಿದ ವಿಲಾಯತಿ ಗಾಳವೊಂದನ್ನು ಅವರು ಗಡಿಯಾರ ಬಿಚ್ಚಿದಂತೆಯೇ ಬಿಚ್ಚಿ, ದಾರದ ಸುತ್ತು ಎಣಿಸಿ, ಮತ್ತೆ ಕಟ್ಟಿ ಕಲಿತಿದ್ದರು. ಹುಂಜದ ಕತ್ತಿನ ಪುಕ್ಕ, ಆಡಿನ ಕಪ್ಪು ಕೂದಲು, ದರ್ಜಿಯ ದಾರ. ಕಟ್ಟಿ ಮುಗಿಸಿ ಗಂಟಿನ ಮೇಲೆ ಒಂದು ಹನಿ ಉಗುರುಬಣ್ಣ. ನೀರಿನ ಮೇಲೆ ಬಿಟ್ಟರೆ ಹುಳವೇ ಬಿದ್ದಂತೆ ಕಾಣುತ್ತಿತ್ತು. ಭಾನುವಾರ ಬೆಳಿಗ್ಗೆ ಔರಾದಿನ ಬಸ್ಸು ಹತ್ತಿ, ಸಂತಪುರ ಬರುವ ಮೊದಲೇ ಮಾಂಜ್ರಾ ಹೊಳೆಯ ಹತ್ತಿರ ಇಳಿದು, ನಾವಿಬ್ಬರೂ ಮಧ್ಯಾಹ್ನದವರೆಗೆ ಕೂಡುತ್ತಿದ್ದೆವು. ಮರಲ್ ಎಂಬ ಉದ್ದನೆಯ ಕಪ್ಪು ಮೀನು ಆ ಪುಕ್ಕಕ್ಕೆ ಹಾರಿ ಬಾಯಿ ಹಾಕುತ್ತಿತ್ತು.

ವಿಲಾಯತಿ ಗಾಳ ನಮ್ಮ ಕೈಗೆ ಎಟುಕುವಂಥದ್ದಲ್ಲ. ಬಲೆ-ಹಗ್ಗ ಮಾರುವ ಅಂಗಡಿಯಲ್ಲಿ ಸಿಗುವ ಸಾದಾ ಗಾಳದ ಪೊಟ್ಟಣವನ್ನೇ ಚಾಚಾ ತರುತ್ತಿದ್ದರು. ನಾನು ಒಮ್ಮೆ ಮೂಗು ಮುರಿದೆ. ಅವರು ಮೂಗು ಮುರಿದವನ ಮುಂದೆಯೇ ಪೊಟ್ಟಣ ಸುರಿದರು.

"ಸಸ್ತಾ ಮಾಲ್ ಅಂತ ಹೆದರಬ್ಯಾಡ್ರಿ ಮಾಸ್ತರ್. ನೋಡದೇ ತಗೋಬ್ಯಾಡ್ರಿ, ಅಷ್ಟೇ."

ನೋಡುವುದೆಂದರೆ ಹೀಗೆ. ಮೊದಲು ದಾರ ಪೋಣಿಸುವ ಕಣ್ಣು. ಅದು ಪೂರ್ತಿ ಮುಚ್ಚಿರಬೇಕು, ಕೂದಲೆಳೆಯಷ್ಟು ಸಂದಿದ್ದರೂ ದಾರ ಕತ್ತರಿಸುತ್ತದೆ. ಆಮೇಲೆ ಮೊನೆ, ಹೆಬ್ಬೆರಳ ಉಗುರಿನ ಮೇಲೆ ಎಳೆದರೆ ಜಾರದೆ ಕಚ್ಚಿ ನಿಲ್ಲಬೇಕು. ಮೊನೆಯ ಹಿಂದಿನ ಮುಳ್ಳನ್ನು ತೀರ ಆಳಕ್ಕೆ ಕೊರೆದಿದ್ದರೆ ಅಲ್ಲಿಯೇ ಮುರಿಯುತ್ತದೆ. ಕೊನೆಗೆ ಚಿಮಟದಲ್ಲಿ ಹಿಡಿದು ಸ್ವಲ್ಪ ಬಾಗಿಸುವುದು: ಬಾಗಿ ಹಾಗೆಯೇ ಉಳಿದರೆ ಕಬ್ಬಿಣ ಮೆತ್ತಗಿದೆ, ಟಕ್ಕೆಂದು ಮುರಿದರೆ ಅತಿ ಬಿರುಸು, ತಿರುಗಿ ತನ್ನ ಜಾಗಕ್ಕೆ ಬಂದರೆ ಪಾಸು. ಅರ್ಧ ಪೊಟ್ಟಣ ಬೇಡವಾಗುತ್ತಿತ್ತು. ಆದರೂ ಉಳಿದದ್ದು ಅಗ್ಗವೇ. ಬೇಡವಾದದ್ದನ್ನು ಅವರು ಹಾಗೆಯೇ ಎಸೆಯುತ್ತಿರಲಿಲ್ಲ. ಒಂದೊಂದನ್ನೂ ಮಡಚಿ ಗುಂಡಗೆ ಮಾಡುತ್ತಿದ್ದರು. ಬೇರೆ ಯಾರಾದರೂ ಎತ್ತಿಕೊಂಡು ಬಳಸಿದರೆ, ಅದು ಮುರಿದು ಮೀನಿನ ಬಾಯಲ್ಲಿ ಉಳಿಯಿತೆಂದರೆ, ಪಾಪದ್ದು ಏನೂ ತಿನ್ನಲಾರದೆ ಸಾಯುತ್ತದೆ ಎನ್ನುತ್ತಿದ್ದರು. ಹಿಡಿದ ಮೀನನ್ನು ಮನೆಗೊಯ್ದು ತಿನ್ನುವ ಮನುಷ್ಯನೇ ಹೀಗೆ ಹೇಳುತ್ತಿದ್ದದ್ದು.

ಗಾಳಕ್ಕೆ ತುಕ್ಕು ಹಿಡಿಯದಂತೆ ಡಬ್ಬಿಯಲ್ಲಿ ಸೀಮೆಸುಣ್ಣ ಇಡುವುದು ನನ್ನ ಪಾಲಿನ ಸಹಾಯ. ತೇವವನ್ನೆಲ್ಲ ಅದು ಹೀರುತ್ತದೆ. ಕಟ್ಟುವುದನ್ನೂ ಕಲಿಸಿದರು. ನನ್ನದು ಎಡಗೈ. ಬಾಲ್ಯದಲ್ಲಿ ಹೊಡೆದು ಬಡಿದು ಬರೆಯುವುದನ್ನು ಬಲಗೈಗೆ ತಂದಿದ್ದರು, ಆದರೆ ಸೂಕ್ಷ್ಮ ಕೆಲಸಕ್ಕೆ ಎಡಗೈಯೇ ಮುಂದೆ ಬರುತ್ತಿತ್ತು. ಚಾಚಾ ದಾರ ಸುತ್ತುತ್ತಿದ್ದದ್ದು ಗಡಿಯಾರಕ್ಕೆ ಚಾಬಿ ಕೊಡುವ ದಿಕ್ಕಿಗೆ, ಅದರ ಮುಳ್ಳು ತಿರುಗುವ ಕಡೆಗೆ. ನನ್ನದು ಅದಕ್ಕೆ ವಿರುದ್ಧ. "ನಿಮ್ಮ ಕೈಯಾಗ ಟೈಮ್ ಹಿಂದ ಹೋಗ್ತದ ನೋಡ್ರಿ," ಎಂದು ನಗುತ್ತಿದ್ದರು.

ಮೊಬೈಲು ಬಂದ ಮೇಲೆ ಗಡಿಯಾರದ ಕೆಲಸ ಕಡಿಮೆಯಾಯಿತು. ಅದಕ್ಕೆ ಅವರು ಅಷ್ಟು ನೊಂದಂತೆ ಕಾಣಲಿಲ್ಲ. ಆಮೇಲೆ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಅಂಗಡಿ ಮುಚ್ಚಿ ಮನೆಯಲ್ಲಿಯೇ ಕುಳಿತು ಪುಕ್ಕ ಕಟ್ಟುತ್ತಿದ್ದರು. ಅದೊಂದೇ ಕೆಲಸ ಅವರ ಕೈಯಲ್ಲಿ ಉಳಿದದ್ದು. ಶನಿವಾರ ನಾನು ಹೋದಾಗ ಡಬ್ಬಿ ನನ್ನ ಕೈಗಿಡುತ್ತಿದ್ದರು. ಆದರೆ ಆ ಕಟ್ಟು ನೀರು ಕಂಡೊಡನೆ ಸಡಿಲಾಗುತ್ತಿತ್ತು. ಒಂದು ಭಾನುವಾರ ನನ್ನ ಗಾಳದ ಪುಕ್ಕ ಬಿಚ್ಚಿಕೊಂಡು ನೀರಿನಲ್ಲಿ ತೇಲಿಹೋಯಿತು. ಅವರಿಗೆ ಕಾಣಲಿಲ್ಲ. ನಾನು ಹೇಳಲಿಲ್ಲ.

ಮುಂದಿನ ಶನಿವಾರದಿಂದ ನಾನೊಂದು ಕೆಲಸ ಶುರುಮಾಡಿದೆ. ರಾತ್ರಿ ನಾನು ಉಳಿಯುತ್ತಿದ್ದದ್ದು ಬೀದರಿನ ನಮ್ಮ ಅಕ್ಕನ ಮನೆಯಲ್ಲಿ. ಅಲ್ಲಿ ಕುಳಿತು ಅವರು ಕಟ್ಟಿದ್ದನ್ನೆಲ್ಲ ಬಿಚ್ಚಿ, ಅದೇ ಪುಕ್ಕ, ಅದೇ ದಾರದಿಂದ ಬಿಗಿಯಾಗಿ ಕಟ್ಟಿ, ಡಬ್ಬಿಯಲ್ಲಿ ಮೊದಲಿದ್ದಂತೆ ಜೋಡಿಸುತ್ತಿದ್ದೆ. ಹೊಳೆಯಲ್ಲಿ ಮೀನು ಸಿಕ್ಕಾಗ ಚಾಚಾ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದರು... ಕೈಯ ಕಸುಬು ಇನ್ನೂ ಇದೆ, ಹೋಗಿಲ್ಲ ಎಂಬಂತೆ. ಆ ಮಳೆಗಾಲವಿಡೀ ಹೀಗೆಯೇ ನಡೆಯಿತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮಳೆ ನಿಂತ ಮೇಲಿನ ಒಂದು ಭಾನುವಾರ ದೊಡ್ಡ ಮರಲ್ ಸಿಕ್ಕಿತು. ಅದರ ಬಾಯಿಂದ ತೆಗೆದ ಗಾಳವನ್ನು ಕೊಡಿ ಎಂದು ಕೈ ಚಾಚಿದರು. ನಾನು ಕೊಟ್ಟೆ. ಅವರು ಕಣ್ಣು ಮುಚ್ಚಿ, ಹೆಬ್ಬೆರಳ ಉಗುರಿನಿಂದ ದಾರದ ಸುತ್ತನ್ನು ನಿಧಾನವಾಗಿ ತಡವಿದರು. ಇನ್ನೊಮ್ಮೆ ತಡವಿದರು.

"ಇದು ಯಾರು ಕಟ್ಯಾರ್ರಿ?"

ನೀವೇ ಎಂದೆ.

"ನಾ ಚಾಬಿ ಕೊಡೋ ಕಡಿ ಸುತ್ತತೀನಿ. ಇದು ಉಲ್ಟಾ ಅದ."

ಬೀದರ್ ತಲುಪುವವರೆಗೆ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ಮೀನನ್ನು ನನ್ನ ಚೀಲದಲ್ಲಿಯೇ ಬಿಟ್ಟು ಇಳಿದುಹೋದರು. ಆ ವಾರ ಮೈದಾನದಲ್ಲಿ ಎರಡು ಸಲ ತಪ್ಪು ಹೊತ್ತಿಗೆ ಸೀಟಿ ಊದಿದೆ. ಇಷ್ಟು ವರ್ಷಗಳ ಶನಿವಾರ ಇಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಆದರೂ ಹೊತ್ತಿಗೆ ಸರಿಯಾಗಿ ಹೋಗಿ ಅವರ ಬಾಗಿಲಲ್ಲಿ ನಿಂತೆ.

ಚಾಪೆಯ ಮೇಲೆ ಹೊಸ ಗಾಳದ ಪೊಟ್ಟಣ ಒಡೆದಿಟ್ಟಿದ್ದರು. ಪಕ್ಕದಲ್ಲಿ ಚಿಮಟ, ಅದರ ಹಿಡಿ ನನ್ನ ಕಡೆಗೆ.

"ಕೂಡ್ರಿ ಮಾಸ್ತರ್. ನನಗ ಕಣ್ಣಿಲ್ಲ, ಗಾಳ ನೀವು ಆರಿಸ್ರಿ. ಕಟ್ಟೋದು ನಂದು. ಬಿಚ್ಚಿದ್ರ ನೀರಾಗ ಬಿಚ್ಚಲಿ. ನೀವು ಬಿಚ್ಚಬ್ಯಾಡ್ರಿ."

ಕುಳಿತೆ. ಕಣ್ಣು, ಮೊನೆ, ಮುಳ್ಳು, ಬಾಗು. ಪಾಸಾದದ್ದನ್ನು ಒಂದೊಂದಾಗಿ ಅವರ ಅಂಗೈಗೆ ಇಡುತ್ತ ಹೋದೆ. ಮುಂದೆ ಎರಡು ವರ್ಷ ಅದೇ ಕ್ರಮ. ಎಷ್ಟೋ ಪುಕ್ಕ ಮಾಂಜ್ರಾದಲ್ಲಿ ತೇಲಿಹೋದವು. ಅವರೇ ಮೊದಲು ನಗುತ್ತಿದ್ದರು, "ಹೋಯ್ತೇನ್ರಿ?" ಎಂದು. ಮೀನು ನಮ್ಮನ್ನು ಬರಿಗೈಯಲ್ಲಿ ಕಳಿಸಿದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಅವರು ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಿದ್ದರು. ಒಂದು ಶನಿವಾರ ಹೋದಾಗ ಅವರ ಮನೆಯ ಮುಂದೆ ಜನ ನಿಂತಿದ್ದರು... ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಅವರ ಹೆಂಡತಿ ಚಾಚಿ ಈ ಡಬ್ಬಿಯನ್ನು ನನ್ನ ಕೈಗಿತ್ತರು.

ಇಂದು ಎಣಿಸಿದೆ. ಅವರು ಕಟ್ಟಿದ ಗಾಳ ಏಳು, ಬರಿ ಗಾಳ ಒಂಬತ್ತು. ಏಳರಲ್ಲಿ ಒಂದೂ ಬಿಗಿಯಾಗಿಲ್ಲ. ಮುಟ್ಟದೆ ಹಾಗೆಯೇ ಇಟ್ಟೆ. ಬರಿ ಗಾಳಗಳಲ್ಲಿ ಮೂರಕ್ಕೆ ತುಕ್ಕು ಹಿಡಿದಿತ್ತು. ಅವನ್ನು ಮಡಚಿ ಗುಂಡಗೆ ಮಾಡಿದೆ. ಒಳ್ಳೆಯ ಆರರಲ್ಲಿ ಒಂದನ್ನು ಚಿಮಟಕ್ಕೆ ಸಿಕ್ಕಿಸಿ, ಹೆಂಡತಿಯಿಂದ ಕರಿ ದಾರ ಕೇಳಿ ಪಡೆದು, ಡಬ್ಬಿಯ ತಳದಲ್ಲಿದ್ದ ಪುಕ್ಕವನ್ನು ಕಟ್ಟಿದೆ. ಬಲಗೈಯಿಂದ, ಚಾಬಿ ಕೊಡುವ ದಿಕ್ಕಿಗೆ. ಬಿಗಿ ಬರಲಿಲ್ಲ. ಬಿಚ್ಚಲಿಲ್ಲ. ಅವರ ಏಳರ ಪಕ್ಕದಲ್ಲಿ ಅದನ್ನಿಟ್ಟೆ. ಹಳೆಯ ಸೀಮೆಸುಣ್ಣ ತೆಗೆದು ಹೊಸ ತುಂಡು ಹಾಕಿ ಮುಚ್ಚಳ ಒತ್ತಿದಾಗ ಎಂಟು ಗಂಟೆ ಇಪ್ಪತ್ತು ನಿಮಿಷ.