ಪರದೆ ಹಿಂದಿನ ಗಂಜಿ

ನಲ್ಲಿ ನೀರು ಹಿಡಿದಾಯಿತು. ಜೋಳ ಹಸನು ಮಾಡಿ ಗಿರಣಿಗೆ ಹಾಕಿಸಿದ್ದಾಯಿತು. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ. ಎಮ್ಮೆಗೆ ಹಿಂಡಿ ಕಲಸಿಟ್ಟೆ. ಬಸಮ್ಮನಿಗೆ ಗಂಜಿ ಕಾಯಿಸಿ ಒಳಗಿಟ್ಟು ಪರದೆ ಎಳೆದೆ.

ಪರದೆ ಯಾಕೆ ಅಂತೀರಾ? ಈ ವಾರ ಅದನ್ನೇ ಹೇಳಬೇಕಿದೆ.

ಬಸಮ್ಮ ನನ್ನ ನೆಗೆಣ್ಣಿ, ಮೈದುನ ಕೊಟ್ರೇಶನ ಹೆಂಡತಿ. ಹೋದ ವರ್ಷ ಅವಳ ಕೆನ್ನೆಯ ಒಳಗೆ ಕ್ಯಾನ್ಸರ್ ಕಾಣಿಸಿತು. (ಎಲೆ ಅಡಿಕೆ ಜೊತೆ ತಂಬಾಕು. ನಮ್ಮ ಕೊಟ್ಟೂರು ಸೀಮೆಯಲ್ಲಿ ಅದಿಲ್ಲದೆ ಯಾವ ಮಾತುಕತೆ ಶುರುವಾಗುತ್ತೆ?) ದೂರದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಕರೆಂಟು (ಅದೇ, ರೇಡಿಯೇಷನ್) ಕೊಟ್ಟರು. ರಿಪೋರ್ಟ್ ಕ್ಲೀನ್. ಸರ್ಜನ್ ಸಾಹೇಬರಿಗೆ ಕೈಮುಗಿದು, ಊರಿಗೆ ಬಂದು ಕಾಯಿ ಒಡೆಸಿದೆವು.

ಅಲ್ಲಿಗೆ ಮುಗಿಯಿತಲ್ಲ? ಇಲ್ಲ. ಬಸಮ್ಮ ಸೊರಗತೊಡಗಿದಳು. ರವಿಕೆ ಎಷ್ಟು ಸಲ ಹಿಡಿದು ಹೊಲಿದರೂ ಮತ್ತೆ ಸಡಿಲ. ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದರೆ, 'ತಪಾಸಣೆಯಲ್ಲಿ ಏನೂ ಇಲ್ಲಮ್ಮ' ಅಂದರು. ಏನೂ ಇಲ್ಲದಿದ್ದರೆ ಮನುಷ್ಯರು ಹೀಗೆ ಕರಗುತ್ತಾರಾ? ಕಾಯಿಲೆ ಮರಳಿತೇನೋ ಎಂದು ಎಲ್ಲರಿಗೂ ಒಳಗೊಳಗೇ ದಿಗಿಲು.

ನಮ್ಮ ಅತ್ತೆಯ ವೈದ್ಯವೇ ಬೇರೆ. 'ಕಾಯಿಲಿ ಬಿದ್ದು ಎದ್ದಾಕಿ ಊಟದ ತಟ್ಟಿ ಮ್ಯಾಲ ಯಾರ ಕಣ್ಣೂ ಬೀಳಬಾರದು. ಉಂಡದ್ದು ಮೈಗೆ ಹತ್ತಂಗಿಲ್ಲ' ಎಂದು ಹಳೇ ಸೀರೆ ಹರಿದು ಪರದೆ ಕಟ್ಟಿಸಿದರು. ಬಸಮ್ಮನ ಊಟ ಎಲ್ಲರಿಗಿಂತ ಮೊದಲು, ಪರದೆ ಹಿಂದೆ, ಒಬ್ಬಳೇ.

ಇವತ್ತು ಹಗರಿಬೊಮ್ಮನಹಳ್ಳಿ ಕಡೆಯಿಂದ ಒಂದು ಜೀಪು ಬಂತು. ಅದೇ ಆಸ್ಪತ್ರೆಯ ಡಾಕ್ಟರಮ್ಮ. ಇನ್ನೂ ಕಾಲೇಜು ಬಿಟ್ಟಿಲ್ಲವೇನೋ ಅನ್ನುವಂಥ ಮುಖ. ಅತ್ತೆ ಸಂಭ್ರಮದಿಂದ ಎಲೆ ಅಡಿಕೆ ತಟ್ಟೆ ಮುಂದಿಟ್ಟರು, ತಂಬಾಕಿನ ಡಬ್ಬಿ ಸಮೇತ! (ಅತಿಥಿಗೆ ಅದೇ ನಮ್ಮ ಮರ್ಯಾದೆ.)

ಹುಡುಗಿ ನಕ್ಕು ಟಾರ್ಚ್ ತೆಗೆದಳು. 'ಮೊದಲು ನಿಮ್ಮ ಬಾಯಿ ತೆರೀರಿ ಅಜ್ಜಿ, ನೋಡೋಣ.'

'ನನ್ನ ಬಾಯಾಗ ಏನ್ ಐತಿ ತಾಯಿ, ಬೈಗುಳ ಬಿಟ್ರ?'

ಬೈಗುಳ ಬಿಟ್ಟು ಬೇರೇನೂ ಸಿಗಲಿಲ್ಲ. ಆದರೂ ತಂಬಾಕಿನ ಡಬ್ಬಿ ಜೀಪು ಹತ್ತಿತು.

'ನೀವು ಆಪರೇಷನ್ ಮಾಡೋರೇ?' ಎಂದು ಕೇಳಿದೆ. ಅಲ್ಲವಂತೆ. ಅವರದೊಂದು ತಂಡ. ಒಬ್ಬರು ಹರಪನಹಳ್ಳಿಯ ಶಾಲೆಗಳಿಗೆ ಹೋಗಿ, ಮಕ್ಕಳ ಕೈಗೆ ಗುಟ್ಕಾ ಬರದಂತೆ ಮಾಡುವುದು ಹೇಗೆ ಎಂದು ಹುಡುಕುತ್ತಾರೆ. ಇನ್ನೊಬ್ಬರು ನೋವು, ಒಣಬಾಯಿ, ಬಿಗಿದ ದವಡೆಗೆ ಉಪಾಯ ಕಂಡುಹಿಡಿಯುತ್ತಾರೆ. ಈಕೆ ವಾಸಿಯಾದವರ ಮನೆಮನೆಗೆ ಹೋಗಿ, ಅವರು ಹೇಗೆ ಬದುಕುತ್ತಿದ್ದಾರೆ ಅಂತ ಕೇಳುತ್ತಾಳೆ.

'ಇದೂ ಒಂದು ರಿಸರ್ಚಾ?' ಬಾಯಿ ತಪ್ಪಿ ಅಂದುಬಿಟ್ಟೆ.

'ಹೌದಮ್ಮಾ. ಕಾಯಿಲೆ ಹೋದ ಮೇಲೂ ಬದುಕೋದು ಇರುತ್ತಲ್ಲ?'

ಬಸಮ್ಮನನ್ನು ಕೂರಿಸಿಕೊಂಡು ಕೇಳತೊಡಗಿದಳು. ನಿದ್ದೆ ಬರುತ್ತಾ? ರುಚಿ ತಿಳಿಯುತ್ತಾ? ಆಮೇಲೆ, ಊಟಕ್ಕೆ ಯಾರ ಜೊತೆ ಕೂರ್ತೀರಿ?

ಬಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. 'ಯಾರ ಜೋಡಿನೂ ಇಲ್ರಿ. ಉಣ್ಣುವಾಗ ಬಾಯಾಗಿಂದ ಸೋರತೈತಿ. ಮನಿಯವ್ರಿಗೆ ಹೇಸಿಗಿ ಆಗಿ ಪರದಿ ಕಟ್ಯಾರ. ಎರಡು ಗುಟುಕು ಕುಡಿದು, ಉಳಿದದ್ದು ಎಮ್ಮಿ ಮುಸುರಿ ಬಾನಿಗೆ ಹಾಕ್ತೀನ್ರಿ.'

ನಮ್ಮ ಎಮ್ಮೆ ಯಾಕೆ ಅಷ್ಟು ಮಿಂಚುತ್ತಿತ್ತು ಅಂತ ಆಗ ತಿಳಿಯಿತು.

'ಹೇಸಿಗಿ?' ಅತ್ತೆ ಎದ್ದೇಬಿಟ್ಟರು. 'ಹುಚ್ಚಿ! ನಿನಗ ದೃಷ್ಟಿ ಆದೀತಂತ ಕಟ್ಟಿಸಿದ್ದಲೇ ಅದನ್ನ!'

ಒಬ್ಬರ ಪ್ರೀತಿ ಇನ್ನೊಬ್ಬರ ಕಣ್ಣಿಗೆ ಅಸಹ್ಯವಾಗಿ ಕಂಡಿತ್ತು. ಒಂದೇ ಸೂರಿನಡಿ ಇದ್ದು ನಮ್ಮಲ್ಲಿ ಒಬ್ಬರಾದರೂ ಬಾಯಿಬಿಟ್ಟು ಕೇಳಿದ್ದೆವಾ?

ಡಾಕ್ಟರಮ್ಮ ದೃಷ್ಟಿಯನ್ನು ಮೂಢನಂಬಿಕೆ ಎಂದು ಹಂಗಿಸಲಿಲ್ಲ. 'ಮನೆಯವರ ಕಣ್ಣು ಏನೂ ಮಾಡಲ್ಲ ಅಜ್ಜಿ' ಅಂದಳು.

'ಅದೆಂಗವ್ವ? ತಾಯಿ ಕಣ್ಣೇ ಮೊದಲು ತಾಗೋದು.'

'ನೀವು ಅತ್ತೆ ಅಲ್ವಾ?'

'ಭಾಳ ಹುಷಾರದಿ ಬಿಡವ್ವ' ಎಂದು ಅತ್ತೆ ನಕ್ಕು, ತಾವೇ ಹೋಗಿ ಪರದೆ ಕಿತ್ತರು.

ಡಾಕ್ಟರಮ್ಮ ಬಾಯಿ ಅಗಲಿಸುವ ವ್ಯಾಯಾಮ ಮಾಡಿಸಿದಳು. ತುತ್ತಿಗೊಮ್ಮೆ ಒಂದು ಗುಟುಕು ನೀರು, ಊಟಕ್ಕೆ ತುಪ್ಪ ಧಾರಾಳ, ತೂಕ ಏರದಿದ್ದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು ಅಂದಳು. ಮಜ್ಜಿಗೆ ಕುಡಿದು ಹಡಗಲಿಗೆ ಹೊರಟಳು. ಸರ್ಜನ್ನರ ಹೆಸರು ಊರಿಗೆಲ್ಲ ಗೊತ್ತು. ಈಕೆಯ ಹೆಸರು ಕೇಳಲು ನಮಗೆ ನೆನಪೇ ಆಗಲಿಲ್ಲ, ನೋಡಿ.

ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಪಂಕ್ತಿಯಲ್ಲಿ ಕಡೆಯವರ ಊಟ ಮುಗಿಯುವ ತನಕ ಯಾರೂ ಏಳಬಾರದು, ಅದು ನಮ್ಮಲ್ಲಿನ ರೂಢಿ. ಬಸಮ್ಮ ತುತ್ತಿಗೊಮ್ಮೆ ನೀರು ಕುಡಿದು, ಟವೆಲಿನಿಂದ ಬಾಯಿ ಒರೆಸಿಕೊಂಡು, ನಿಧಾನ, ನಿಧಾನ. ಕೊಟ್ರೇಶ ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರೂ ಅವಳದು ಮುಗಿದಿರಲಿಲ್ಲ.

'ಕೈ ಒಣಗಿ ಖಡಕ್ ರೊಟ್ಟಿ ಆತು' ಎಂದು ಕೀಟಲೆ ಮಾಡಿದ.

'ಕುಂದರ್ರಿ ಸುಮ್ಮನ' ಎಂದಳು ಬಸಮ್ಮ. 'ನೀವು ಸಂತಿಯಿಂದ ಬರೋತನ ನಾ ಉಣ್ಣದ ಕುಂತಿಲ್ಲೇನು?'

ತಿಂಗಳುಗಟ್ಟಲೆ ಗಂಡನಿಗೆ ಅವಳು ಹೀಗೆ ಮರುಮಾತು ಕೊಟ್ಟಿರಲಿಲ್ಲ. ಅವನು ಕಣ್ಣೊರೆಸಿಕೊಂಡ. (ಖಾರ ಅಂದ. ಇರಲಿ.)

ತೊಗರಿಬೇಳೆ ಸಾರಿನಲ್ಲಿ ನೆನೆಸಿದ ರೊಟ್ಟಿ, ಮೇಲೆ ತುಪ್ಪ, ಕಡೆಗೆ ಮೊಸರನ್ನ. ಬಸಮ್ಮ ತಟ್ಟೆ ಬಳಿದು ಉಂಡಳು. ಮೊದಲು ನಿದ್ದೆ ಹೋದವಳೂ ಅವಳೇ, ನಡುಮನೆಯಲ್ಲಿ, ಎಲ್ಲರ ಮಧ್ಯೆ. ಅತ್ತೆ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಾ ಪಿಸುಗುಟ್ಟಿದರು: 'ಹೆಂಗ ಗೊರಕಿ ಹೊಡೀತಾಳ ನೋಡು.'

ಆ ಗೊರಕೆ ಯಾವ ರಿಪೋರ್ಟಿನಲ್ಲಿ ಬರುತ್ತೆ, ಹೇಳಿ?