ಫಾರ್ಮಿನಲ್ಲಿಲ್ಲದ ಬಾಣಂತನ

"ಸೂಲಗಿತ್ತಿ ಮೊಮ್ಮಗಳು ಡಿಗ್ರಿ ತಗೊಳ್ಳೋದಾ? ಆಗೋ ಮಾತಾಡು" ಎಂದವರು ನನ್ನ ದೊಡ್ಡಪ್ಪ, ಆ ಸೂಲಗಿತ್ತಿಯ ಹಿರಿಮಗ. ಹೆಗ್ಗನಹಳ್ಳಿಯ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಪಿಯುಸಿ ದಾಟಿದವರಿರಲಿಲ್ಲ. ಹೊಲ ಹೋಗಿ ಸೈಟುಗಳಾದವು, ಹೆರಿಗೆ ಆಸ್ಪತ್ರೆಗೆ ಹೋಯಿತು. ಮಗುವಿಗೆ ನೀರೆರೆಯುವ ಕೆಲಸ ಮಾತ್ರ ಅಜ್ಜಿಯ ಕೈಯಲ್ಲೇ ಉಳಿದಿತ್ತು.

ನರ್ಸಿಂಗ್ ಕೊನೆಯ ವರ್ಷ ಬಾಣಂತಿಯರ ಸಮೀಕ್ಷೆ ಕೊಟ್ಟರು. ಅದರ ವರದಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಫಾರ್ಮು ಯಾವುದೋ ಹೊರದೇಶದಲ್ಲಿ ತಯಾರಾಗಿ ಕನ್ನಡಕ್ಕೆ ಬಂದದ್ದು. 'ಹಾನಿಕರ ಪದ್ಧತಿಗಳು' ಎಂಬ ಶೀರ್ಷಿಕೆ, ಕೆಳಗೆ ಹೌದು, ಇಲ್ಲ. ಜೇನು ನೆಕ್ಕಿಸುವುದು, ಬಜೆ ತೇಯ್ದು ಕೊಡುವುದು, ಬಾಣಂತಿಗೆ ನೀರು ಕಡಿಮೆ ಮಾಡುವುದು. ಕೊನೆಯದು: ತರಬೇತಿ ಇಲ್ಲದವರ ಆರೈಕೆ.

ಮೊದಲ ಮನೆ ಪಕ್ಕದ ಬೀದಿಯಲ್ಲೇ. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಬಾಣಂತಿ. ಬಚ್ಚಲಲ್ಲಿ ನಮ್ಮ ಅಜ್ಜಿಯೇ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡಿದ್ದಳು.

"ಏನೇ ಗೀಚ್ತಿದೀಯ?"

ಓದಿ ಹೇಳಿದೆ. ಕೊನೆಯದಕ್ಕೂ 'ಹೌದು' ಎಂದು ಗುರುತು ಹಾಕಿದ್ದನ್ನೂ ಹೇಳಿದೆ. ಓದಿದವಳ ಜಂಬ.

ಅಜ್ಜಿ ಮಗುವನ್ನು ಒರೆಸಿ ತಾಯಿಯ ಮಡಿಲಿಗೆ ಕೊಟ್ಟಳು. "ಹಂಗಾದ್ರೆ ಓದಿರೋರೇ ಎರೀಲಿ ಬಿಡು." ಮರುದಿನದಿಂದ ಅತ್ತ ಹೋಗಲಿಲ್ಲ.

ವಾರದ ಮೇಲೆ ನಾನು ಹೋದಾಗ ಆ ಮನೆಯ ಗೂಡಿನಲ್ಲಿ ಹಾಲಿನ ಪುಡಿಯ ಡಬ್ಬಿ ಇತ್ತು. ಆರು ತಿಂಗಳು ಎದೆಹಾಲೊಂದೇ ಎಂದು ಅದೇ ಫಾರ್ಮು ಹೇಳುತ್ತಿತ್ತು.

"ಅಜ್ಜಿ ನನ್ ಬೆನ್ನಿಗೆ ದಿಂಬು ಕೊಟ್ಟು, ಪಕ್ಕದಲ್ಲೇ ಕೂತು ಮಗೂಗೆ ಎದೆ ಹಿಡಿಸೋರು ಅಕ್ಕ. ನಂಗೆ ಬರ್ತಿಲ್ಲ. ಅದೂ ಅಳುತ್ತೆ, ನಾನೂ ಅಳ್ತೀನಿ."

ಕಾಲೇಜಿನಲ್ಲಿ ಗೊಂಬೆಯ ಮೇಲೆ ಕಲಿತದ್ದನ್ನೆಲ್ಲ ಮಾಡಿ ನೋಡಿದೆ. ಮಗು ಮುಖ ತಿರುಗಿಸಿತು.

ಮನೆಗೆ ಬಂದು ಅಜ್ಜಿಯ ಮುಂದೆ ಕೂತೆ. "ಜೇನು, ಬಜೆ ಬೇಡ ಅಜ್ಜಿ, ಅದು ನಿಜವಾಗ್ಲೂ ಒಳ್ಳೇದಲ್ಲ. ಅವಳಿಗೆ ನೀರು ಕುಡಿಸು. ಆದ್ರೆ ನೀನು ಬಾ."

"ನಿನ್ ಮಾತು ನಾನು ಕೇಳ್ಬೇಕು. ನನ್ ಮಾತು ಯಾರೇ ಬರ್ಕೊಳ್ಳೋರು?"

"ನಾನೇ ಬರ್ಕೊತೀನಿ."

ಮರುದಿನ ಅಜ್ಜಿ ಮತ್ತೆ ಆ ಮನೆಗೆ ಹೋದಳು. ಡಬ್ಬಿ ಗೂಡಿನಿಂದ ಇಳಿಯಲು ಹತ್ತು ದಿನ ಹಿಡಿಯಿತು. ಅಷ್ಟು ದಿನವೂ ಅಜ್ಜಿ ಮಾಡಿದ್ದನ್ನೆಲ್ಲ ಬರೆದು, ಆ ಹಾಳೆಗಳನ್ನು ವರದಿಗೆ ಹೊಲಿದೆ. ಕೊನೆಯ ಗುರುತು ನನ್ನ ತಪ್ಪು ಎಂದೂ ಬರೆದೆ.

"ಫಾರ್ಮಲ್ಲಿ ಇಲ್ಲದ್ದು ಯಾಕಮ್ಮ? ಫೇಲಾದ್ರೆ?" ಎಂದರು ನಮ್ಮ ಮೇಡಂ.

"ಆಗ್ಲಿ ಮೇಡಂ" ಎಂದೆ. ಹಾಳೆಗಳನ್ನು ಬಿಚ್ಚದೆ ವರದಿಯನ್ನು ಮೇಜಿನ ಮೇಲಿಟ್ಟೆ. ಪಾಸಾಯಿತು, ಕಡಿಮೆ ಅಂಕದಲ್ಲಿ.

ಜೇನಿನ ಬಗ್ಗೆ ಫಾರ್ಮು ಹೇಳಿದ್ದು ಸರಿ. ಇವತ್ತಿಗೂ ಬಾಣಂತಿಯರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಜೇನನ್ನೂ ಅಜ್ಜಿಯನ್ನೂ ಒಂದೇ ಪಟ್ಟಿಗೆ ಸೇರಿಸಿದವರು ಆ ಬಚ್ಚಲನ್ನು ನೋಡಿರಲಿಲ್ಲ. ನೋಡಿದ್ದ ನಾನೂ ಗುರುತು ಹಾಕಿದ್ದೆ.

ಪದವಿ ಪತ್ರ ತಂದ ದಿನ ಅಜ್ಜಿ ಇನ್ನೊಂದು ಮನೆಯಲ್ಲಿ ಎರೆದು ಆಗಷ್ಟೇ ಬಂದಿದ್ದಳು. ಜಗುಲಿಯಲ್ಲಿ ದೊಡ್ಡಪ್ಪನೂ ಇದ್ದರು. ಪತ್ರವನ್ನು ಅಜ್ಜಿಯ ಮುಂದೆ ಹಿಡಿದೆ. ಅವಳು ಮುಟ್ಟದೆ ಮಗನ ಕಡೆ ಕೈತೋರಿದಳು. ಅವರಿಗೇ ಕೊಟ್ಟೆ.

"ನನ್ ಕೈಯೆಲ್ಲ ಎಣ್ಣೆ ಕಣಪ್ಪಾ. ನೀನೇ ಹಿಡ್ಕೊಂಡು ಓದು" ಎಂದಳು. "ಜೋರಾಗಿ ಓದು."