ಕುವೈತಿನಿಂದ ಹುಣಸೆ ಮಂಡಿಗೆ

ಕಲ್ಯಾಣದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು, ಹಾಗಾಗಿ ನಾನು ಮಂಡಿಯೊಳಗೆ ಹೋಗಿ ಕೂತೆ. ಹಿಂದೂಪುರದ ಹುಣಸೆ ಮಂಡಿಯಲ್ಲಿ ಹೆಂಗಸರು ಇಬ್ಬಿಬ್ಬರಾಗಿ ಎದುರುಬದುರು ಕೂರುತ್ತಾರೆ. ಒಬ್ಬಳು ಸುತ್ತಿಗೆಯಿಂದ ಹಣ್ಣು ಕುಟ್ಟಿದರೆ ಇನ್ನೊಬ್ಬಳು ಬೀಜ ತೆಗೆಯುತ್ತಾಳೆ. ನಾಗಮ್ಮನ ಎದುರಿಗೆ ಮಾತ್ರ ಯಾರೂ ಇರಲಿಲ್ಲ, ರಾಶಿಗೆ ಒರಗಿಸಿದ ಫೋನಿತ್ತು. ಜೊತೆಗೆ ಕೂರುತ್ತಿದ್ದ ನಾದಿನಿ ರತ್ನಮ್ಮ ಕುವೈತಿಗೆ ಮನೆಗೆಲಸಕ್ಕೆ ಹೋಗಿದ್ದಾಳೆ. ಅಲ್ಲಿಯ ಯಜಮಾನರು ಅವಳ ಫೋನನ್ನು ಅವಳಿಗೆ ಕೊಡುವುದು ಶುಕ್ರವಾರ ಮಾತ್ರ. ಆಗ ವಿಡಿಯೊ ಹಚ್ಚಿಟ್ಟು, ಅವಳು ಅಲ್ಲಿ ಬಟ್ಟೆ ಮಡಿಸುತ್ತ, ಇವಳು ಇಲ್ಲಿ ಹುಣಸೆ ಕುಟ್ಟುತ್ತ, ಮಾತಿಲ್ಲದೆಯೂ ಜೊತೆಗಿರುತ್ತಾರೆ.

ಹೋದ ಶುಕ್ರವಾರ ಕರೆ ಬಂದಿರಲಿಲ್ಲ. ಇವತ್ತು ಮತ್ತೆ ಶುಕ್ರವಾರ.

“ನಾವ್ ಮಾಡಿದ್ರೆ ಸ್ವಿಚ್ ಆಫ್ ಬತ್ತದೆ ಕಣಪ್ಪ. ಬದ್ಕವ್ಳೋ ಇಲ್ವೋ,” ಎಂದಳು ನಾಗಮ್ಮ. ನನಗೆ ಅಲ್ಲಿಂದ ಏಳಲಾಗಲಿಲ್ಲ.

ಫೋನ್ ರಿಂಗಾಯಿತು. “ವಚ್ಚಿಂದಿ, ವಚ್ಚಿಂದಿ,” ಎಂದು ಪಕ್ಕದವರು ಕರೆ ಬಂತೆಂದು ತೆಲುಗಿನಲ್ಲಿ ಕೂಗಿದರು. ಸುತ್ತಿಗೆಗಳೆಲ್ಲ ನಿಂತವು.

“ಯಾಕತ್ತಿಗೆ ಹಂಗ್ ನೋಡ್ತೀಯ? ಆ ಹಣ್ಣಲ್ಲಿ ಬೀಜ ಉಳಿಸ್ಬುಟ್ಟಿದ್ದೀಯ, ತೆಗಿ,” ಎಂದಳು ಪರದೆಯೊಳಗಿನ ರತ್ನಮ್ಮ.

ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬೇರೆ ಮನೇಗೆ ಬಂದ್ಬುಟ್ಟೆ. ಇವ್ರು ಒಳ್ಳೇರು. ಇನ್ಮೇಲೆ ಫೋನ್ ನನ್ ಹತ್ರಾನೇ ಇರ್ತದೆ,” ಎಂದಳು ರತ್ನಮ್ಮ.

“ಹಂಗಾದ್ರೆ,” ಎಂದು ನಾಗಮ್ಮ ಸುತ್ತಿಗೆ ಎತ್ತಿಕೊಂಡಳು, “ನಾಳೇನೂ ಕೆಲ್ಸಕ್ಕೆ ಬಾ ಕಣಮ್ಮ.”